ನದಿಗೂ ಬೀಗ

ಭಾಗ್ಯನಗರ, ಕೊಪ್ಪಳ
೩ ಫೆಬ್ರವರಿ ೨೦೨೫

ಪೂಜ್ಯ ಅಮರಮ್ಮ ಅಕ್ಕನವರಿಗೆ ಶರಣಕುಮಾರನ ಶರಣು.

ಕಾಗದ ಕಂಡು ಗಾಬರಿಯಾಗಬೇಡಿ. ನಿಮ್ಮ ತಂಗಿಯನ್ನು ಇಂದು ಮಧ್ಯಾಹ್ನವಷ್ಟೇ ಆನೆಗೊಂದಿಯಲ್ಲಿ ನಿಮ್ಮ ಮನೆಗೆ ಬಿಟ್ಟು ಬಂದಿದ್ದೇನೆ. ಅಷ್ಟರಲ್ಲಿ ಹೊಸ ಸುದ್ದಿ ಏನೂ ಇಲ್ಲ. ಫೋನಿನಲ್ಲಿ ಹೇಳಬಹುದಿತ್ತಲ್ಲ ಎಂದು ನಿಮಗೆ ಅನಿಸಬಹುದು. ಆದರೆ ನಿಮ್ಮದು ಒಂದೇ ಪಡಸಾಲೆಯ ಮನೆ. ನೀವು ಫೋನು ಎತ್ತಿದಾಗ ರೇಣುಕಾ ಪಕ್ಕದಲ್ಲೇ ಮಲಗಿರುತ್ತಾಳೆ. ನೀವು ಹೂಂ, ಇಲ್ಲ ಎನ್ನುವುದನ್ನು ಕೇಳಿಯೇ ನಾನು ಏನು ಕೇಳಿದೆನೆಂದು ಊಹಿಸಬಲ್ಲಳು. ಆದ್ದರಿಂದ ಕಾಗದಗಳನ್ನು ನೀವು ಕೆಲಸ ಮಾಡುವ ಬಾಳೆನಾರಿನ ಕೇಂದ್ರದ ವಿಳಾಸಕ್ಕೆ ಹಾಕುತ್ತೇನೆ.

ಗಂಗಾವತಿಯ ಆಸ್ಪತ್ರೆಯಲ್ಲಿ ನೀವು ಹೊರಗೆ ಕುಳಿತಿದ್ದಿರಿ. ಒಳಗೆ ನಡೆದದ್ದು ನಿಮಗೆ ತಿಳಿದಿರಬೇಕು. ಸೂಜಿಯಿಲ್ಲ, ಕತ್ತರಿಯಿಲ್ಲ, ಪ್ರಜ್ಞೆ ತಪ್ಪಿಸುವುದೂ ಇಲ್ಲ. ಎಂಟರ ಅಂಕಿಯ ಆಕಾರದ ಒಂದು ತಂತಿಸುರುಳಿಯನ್ನು ಎಡಹಣೆಯ ಮೇಲ್ಭಾಗಕ್ಕೆ ಒತ್ತಿ ಹಿಡಿಯುತ್ತಾರೆ. ಅದರಲ್ಲಿ ಕ್ಷಣಮಾತ್ರ ವಿದ್ಯುತ್ತು ಹರಿದಾಗ ಅಯಸ್ಕಾಂತದ ಸೆಳೆತ ಹುಟ್ಟಿ, ತಲೆಬುರುಡೆಯನ್ನು ದಾಟಿ, ಮಿದುಳಿನೊಳಗೆ ಸಣ್ಣದೊಂದು ಪ್ರವಾಹವನ್ನು ಎಬ್ಬಿಸುತ್ತದೆ. ಈ ಖಿನ್ನತೆಯಿಂದ, ಏನಾದರೊಂದು ಬೇಕು ಎನ್ನಿಸುವ ಶಕ್ತಿ ಅವಳಲ್ಲಿ ಮಂಕಾಗಿದೆ. ಅದನ್ನು ಹೊರಗಿನಿಂದ ತಟ್ಟಿ ತಟ್ಟಿ ಎಚ್ಚರಿಸುವುದು ಉದ್ದೇಶವೆಂದು ಡಾಕ್ಟರಮ್ಮ ವಿವರಿಸಿದರು. ವಾರಕ್ಕೆ ಐದು ದಿನದಂತೆ ಆರು ವಾರ. ವಿದ್ಯುತ್ ಉಪಕೇಂದ್ರದಲ್ಲಿ ನಾನು ದಿನವೂ ಕಾಣುವ ತತ್ತ್ವವೇ ಇದು. ತತ್ತ್ವ ಗೊತ್ತಿದ್ದರೆ ಭಯ ಕಡಿಮೆಯಾಗುತ್ತದೆ ಎಂದುಕೊಂಡಿದ್ದೆ.

ಚಿಕಿತ್ಸೆಗೆ ಮೊದಲು, ಎಷ್ಟು ಬಲ ಸಾಕೆಂದು ಅಳೆಯಲು, ಸುರುಳಿಯನ್ನು ಸ್ವಲ್ಪ ಹಿಂದಕ್ಕೆ, ಕೈಯನ್ನು ಆಡಿಸುವ ಜಾಗಕ್ಕೆ ಹಿಡಿದರು. ಯಂತ್ರ ಟಕ್ ಎಂದಿತು. ರೇಣುಕಾಳ ಬಲಗೈಯ ಹೆಬ್ಬೆರಳು ಎಗರಿತು. ಮತ್ತೆ ಟಕ್, ಮತ್ತೆ ಎಗರಿತು. ಅಕ್ಕ, ಹೋದ ಬೇಸಿಗೆಯಿಂದ ಅವಳು ತಾನಾಗಿ ಒಂದು ಲೋಟ ನೀರು ಎತ್ತಿಕೊಂಡದ್ದನ್ನು ನಾನು ಕಂಡಿಲ್ಲ. ಆ ಬೆರಳು ಚಲಿಸಿದ್ದು ನೋಡಿ ನನಗೆ ಸಂತೋಷವಾಗಬೇಕಿತ್ತು. ಅವಳೂ ಅದನ್ನು ನೋಡುತ್ತಿದ್ದಳು, ಬೇರೆ ಯಾರದೋ ಕೈಯನ್ನು ನೋಡುವಂತೆ. ಬೆರಳು ಅವಳದು, ಆಜ್ಞೆ ಯಂತ್ರದ್ದು. ನಾಳೆ ಅವಳು ಎದ್ದು ಕುಳಿತರೆ, ನಕ್ಕರೆ, ಅದು ಯಾರದೆಂದು ನಾನು ಹೇಗೆ ತಿಳಿಯಲಿ?

ನಮಗೆ ಮಕ್ಕಳಿಲ್ಲ. ಈ ಮನೆಯಲ್ಲಿ ಇದ್ದವರು ಇಬ್ಬರೇ. ಇಂದು ಅವಳ ಹೊಲಿಗೆ ಯಂತ್ರಕ್ಕೆ ಹೊದಿಸಿದ್ದ ಬಟ್ಟೆಯ ಧೂಳು ಕೊಡವಿ ಮತ್ತೆ ಹೊದಿಸಿದೆ.

'ಆರಾಮ ಇದ್ದಾಳೆ' ಎಂದು ಮಾತ್ರ ಬರೆಯಬೇಡಿ. ಅವಳು ಏನು ಮಾಡಿದಳು, ಏನು ಅಂದಳು ಎಂಬುದನ್ನು ಬರೆಯಿರಿ.

ನಿಮ್ಮ ವಿಧೇಯ,
ಶರಣಕುಮಾರ


ಆನೆಗೊಂದಿ
೧೧ ಫೆಬ್ರವರಿ ೨೦೨೫

ನಮ್ಮ ಮನಿ ಅಳಿಯಂದಿರಾದ ಶರಣಕುಮಾರ ಅವರಿಗೆ ಅಮರಮ್ಮ ಮಾಡುವ ಶರಣು.

ನಿಮ್ಮ ಕಾಗದ ಬಂತ್ರಿ. ಕೇಂದ್ರದಾಗ ಹೆಣ್ಣಮಕ್ಕಳೆಲ್ಲಾ ಸುತ್ತ ನಿಂತು, 'ಅಮರಕ್ಕಗ ಈ ವಯಸ್ಸಿನ್ಯಾಗ ಯಾರ ಕಾಗದ ಬರದಾರ ನೋಡ್ರೆ' ಅಂತ ನಕ್ಕಾವು. ತಂಗಿ ಗಂಡ ಅಂದೆ. ಇನ್ನೂ ಜೋರ ನಕ್ಕಾವು. ಆ ಹೆಬ್ಬೆರಳಿನ ಸುದ್ದಿ ಓದಿ ನಂಗೂ ಮೈ ಜುಂ ಅಂತು. ಆದ್ರ ಹಿಂಗ ಇಂಜಿನಿಯರ್ ಕಾಗದ ಬರೀಬ್ಯಾಡ್ರಿ ನನಗ, ನಾನು ಓದಿದ್ದು ಏಳನೇತ್ತ.

ಏನು ಮಾಡಿದ್ಲು ಅಂತ ಕೇಳೀರಿ. ಏನೂ ಮಾಡಿಲ್ಲ. ಗೋಡೆ ಕಡೆ ಮುಖಾ ಮಾಡಿ ಮಲಗ್ತಾಳ. ರೊಟ್ಟಿ ಮುರದು ಕೈಯಾಗ ಕೊಟ್ರ ತಿಂತಾಳ, ಕೊಡದಿದ್ರ ಇಲ್ಲ. ಆಟೋದಾಗ ಕುಂಡ್ರಿಸಿ ಗಂಗಾವತಿಗೆ ಕರಕೊಂಡು ಹೋಗ್ತೀನಿ, ಕರಕೊಂಡು ಬರ್ತೀನಿ, ಹಿಟ್ಟಿನ ಚೀಲ ಗಿರಣಿಗೆ ಒಯ್ದು ತಂದಂಗ.

ಒಂದ ಮಾತು ಅಂದಾಳ. ನಿನ್ನಿ ಬರುವಾಗ ದಾರ್ಯಾಗ ಬಾಳಿ ತೋಟ ನೋಡಕೋತ ಕುಂತಿದ್ಲು. ಒಮ್ಮಿಗೇ, 'ಅಕ್ಕಾ, ಆ ದವಾಖಾನಿದು ದಾರ ಇಲ್ಲದ ಹೊಲಿಗಿ ಮಷೀನ ಐತಿ ನೋಡು. ಟಕಟಕ ಅಂತೈತಿ, ಬಟ್ಟಿ ಮುಂದ ಸರಿಯೂದಿಲ್ಲ' ಅಂದ್ಲು. ನಾನು ಹಿಗ್ಗಿಲೆ ಇನ್ನೇನರ ಅಂತಾಳೇನೋ ಅಂತ ಕಾದೆ. ಮುಗೀತು.

ನೀವು ಊಟಾ ಏನ ಮಾಡ್ತೀರಿ? ಖಾನಾವಳಿ ಅನ್ನಾ ತಿಂದು ಹೊಟ್ಟಿ ಕೆಡಿಸ್ಕೋಬ್ಯಾಡ್ರಿ.

ಅಮರಮ್ಮ


ಆನೆಗೊಂದಿ
೨೦ ಫೆಬ್ರವರಿ ೨೦೨೫

ಶರಣಕುಮಾರ ಅವರಿಗೆ.

ಓಡಿಬಂದು ಬರ್ಯಾಕತ್ತೀನ್ರಿ, ಅಕ್ಷರ ಸೊಟ್ಟ ಆದ್ರ ನಗಬ್ಯಾಡ್ರಿ. ಎದ್ದಾಳ! ಮೊನ್ನೆ ಮುಂಜಾನಿ ನಾನು ಏಳೂದಕ್ಕಿಂತ ಮೊದಲ ಎದ್ದು ಹಿತ್ತಲದಾಗ ತಲಿಗೆ ನೀರ ಹಾಕ್ಕೊಳ್ಳಾಕತ್ತಿದ್ಲು. ನಾ ಕಳ್ಳರು ಬಂದಾರಂತ ಕಟಿಗಿ ಹಿಡಕೊಂಡು ಹೋಗಿದ್ದೆ. 'ಅಕ್ಕಾ, ಕಟಿಗಿ ಒಲಿಗೆ ಹಾಕು, ನೀರ ಸಾಲಾವು' ಅಂದ್ಲು.

ನಿನ್ನಿ ನನ್ನ ಜೋಡಿ ಕೇಂದ್ರಕ್ಕ ಬಂದು, ನಾರು ತಗೊಂಡು ಹುರಿ ಹೊಸದ್ಲು. ಆಕಿ ಹುರಿ ನನ್ನ ಹುರಿಗಿಂತ ಸಣ್ಣ ಬಂತು; ಹೊಟ್ಟಿ ಉರೀತು ಖರೆ, ಸುಮ್ನಿದ್ದೆ.

ನಿಮಗ ಒಂದು ಕೆಲಸಾ ಹೇಳ್ಯಾಳ. ನಿಮ್ಮ ಮನಿಯಾಗ ಮಂದಿ ಹೊಲ್ಯಾಕ ಕೊಟ್ಟು ಹೋದ ಕುಬಸದ ಬಟ್ಟಿ ಟ್ರಂಕಿನ್ಯಾಗ ಅದಾವಂತಲ್ಲ, ಅವನ್ನೆಲ್ಲಾ ಭಾನುವಾರ ಬರುವಾಗ ತರಬೇಕಂತ. ಜೋಡಿ ಅಳತಿ ಕುಬಸಾನೂ. 'ಯಾರ್ಯಾರದು ಅವರವರಿಗೆ ಮುಟ್ಟಿಸಬೇಕು ಅಕ್ಕಾ, ಭಾಳ ದಿನಾ ಆತು' ಅಂತಾಳ. ನೋಡ್ರಿ, ಜವಾಬ್ದಾರಿ ನೆನಪಾಗೇತಿ ಆಕಿಗೆ. ಪೇಡೆ ತರ್ರಿ ಬರುವಾಗ.

ಅಮರಮ್ಮ


ಭಾಗ್ಯನಗರ
೨೪ ಫೆಬ್ರವರಿ ೨೦೨೫

ಪೂಜ್ಯ ಅಕ್ಕನವರಿಗೆ.

ನಿನ್ನೆ ನಿಮ್ಮ ಮನೆಯಲ್ಲಿ ಪೇಡೆ ಹಂಚಿ, ನಕ್ಕು, ಸಂಜೆಯ ಬಸ್ಸಿಗೆ ಹೊರಟವನು ನಾನೇ. ಹುಲಿಗಿ ದಾಟುವವರೆಗೂ, ಇಳಿದು ನಿಮ್ಮ ಮನೆಗೆ ಹಿಂದಿರುಗಲೇ ಎಂದುಕೊಳ್ಳುತ್ತಿದ್ದೆ. ಏಕೆಂದು ಬರೆಯುತ್ತೇನೆ. ಈ ಕಾಗದವನ್ನು ಕೇಂದ್ರದಲ್ಲೇ ಓದಿ ಅಲ್ಲಿಯೇ ಇಡಿ.

ಡಾಕ್ಟರಮ್ಮ ಮೊದಲ ದಿನ ನನ್ನೊಬ್ಬನನ್ನೇ ಕರೆದು ಒಂದು ಮಾತು ಹೇಳಿದ್ದರು. ಇಂಥ ಕಾಯಿಲೆ ಇಳಿಯುವಾಗ, ಕೆಲವರಲ್ಲಿ, ಕೈಕಾಲಿನ ಜಡ ಮೊದಲು ಹೋಗುತ್ತದೆ. ಮನಸ್ಸಿನ ಕತ್ತಲೆ ಆಮೇಲೆ ಹೋಗುತ್ತದೆ. ನಡುವಿನ ಆ ದಿನಗಳಲ್ಲಿ ಎಚ್ಚರವಾಗಿರಬೇಕು. ಹಾಸಿಗೆಯಿಂದ ಏಳಲಾಗದೆ ಇದ್ದಾಗ ಮಾಡಲಾರದ್ದನ್ನು ಎದ್ದ ಮೇಲೆ ಮಾಡಿಕೊಳ್ಳುವಷ್ಟು ಬಲ ಬಂದಿರುತ್ತದೆ. ಇದನ್ನು ನಿಮಗೆ ಆಗಲೇ ಹೇಳಬೇಕಿತ್ತು. ಬಾಯಿ ಬರಲಿಲ್ಲ.

ನಿನ್ನೆ ಅವಳು ಟ್ರಂಕಿನ ಬಟ್ಟೆಗಳನ್ನು ಬಿಚ್ಚಿ, ಒಂದೊಂದಕ್ಕೂ ಅದರ ಅಳತೆ ಕುಬಸವನ್ನು ಜೋಡಿಸಿ ಕಟ್ಟಿದಳು. ಒಂದನ್ನೂ ಹೊಲಿಯುವ ಮಾತಾಡಲಿಲ್ಲ. ಎಲ್ಲವನ್ನೂ ಹಿಂದಿರುಗಿಸುವ ಮಾತೇ. ಆಮೇಲೆ ನೀವು ಒಳಗೆ ಚಹಾ ಮಾಡುತ್ತಿದ್ದಾಗ ನನಗೆ ಹೇಳಿದಳು: 'ಗ್ಯಾಸಿನ ಪುಸ್ತಕ ಅಕ್ಕಿ ಡಬ್ಬಿ ಹಿಂದ ಐತ್ರಿ. ಉಪ್ಪಿಟ್ಟಿಗೆ ನೀರು ಮೊದಲ ಕುದೀಬೇಕು, ಆಮೇಲೆ ರವಾ. ಕಲೀರಿ ನೀವು.' ನಾನು ಯಾಕೆ ಎಂದು ಕೇಳಿದೆ. 'ಕಲಿತಿದ್ರ ಛಲೋ ಅಲ್ಲೇನ್ರಿ' ಅಂದಳು. ಅವಳ ಮುಖ ಶಾಂತವಾಗಿತ್ತು. ಆ ಶಾಂತಿಯೇ ನನ್ನನ್ನು ಹೆದರಿಸಿತು. ಪ್ರಯಾಣ ಹೊರಡುವವರು ಮನೆಯನ್ನು ಒಪ್ಪಿಸುವಾಗ ಹೀಗೆಯೇ ಮಾತಾಡುತ್ತಾರೆ.

ನನ್ನ ಊಹೆ ತಪ್ಪಿರಬಹುದು. ತಪ್ಪಿರಲೆಂದೇ ಬೇಡಿಕೊಳ್ಳುತ್ತಿದ್ದೇನೆ. ಡಾಕ್ಟರಮ್ಮನಿಗೆ ಇಂದು ಫೋನು ಮಾಡಿದೆ. ಅವರು ಅವಳನ್ನೇ ನೇರವಾಗಿ ಕೇಳುತ್ತೇನೆಂದರು. ನೀವೂ ಕೇಳಬಹುದು, ಕೇಳುವುದರಿಂದ ಕೆಡುಕಾಗದು, ನೀವೇ ಕೇಳಿ ಎಂದು ನನಗೂ ಹೇಳಿದರು. ನನ್ನಿಂದ ಆಗದು. ನಿನ್ನೆಯೂ ಅವಳನ್ನು ಕೇಳುವ ಬದಲು, ಬಸ್ಸು ಹತ್ತುವ ಮೊದಲು ಹೊಳೆಯ ದಡಕ್ಕೆ ಹೋಗಿ, ಹರಿಗೋಲು ಹಾಕುವ ಹುಲಗಪ್ಪನಿಗೆ, ರೇಣುಕಾ ಒಬ್ಬಳೇ ಬಂದರೆ ಹತ್ತಿಸಬೇಡ, ಅವಳು ನೀರಿನ ಹತ್ತಿರ ನಿಂತಿದ್ದರೆ ಅಕ್ಕನಿಗೆ ತಿಳಿಸು ಎಂದು ಹೇಳಿ ಬಂದಿದ್ದೇನೆ. ಅವನು ಒಳ್ಳೆಯವನು, ತಲೆಯಾಡಿಸಿದ.

ಅವಳ ಬೆನ್ನ ಹಿಂದೆ ಯಾವಾಗಲೂ ಯಾರಾದರೂ ಇರಲಿ. ದಯವಿಟ್ಟು.

ಶರಣಕುಮಾರ


ಆನೆಗೊಂದಿ
೧ ಮಾರ್ಚ್ ೨೦೨೫

ಶರಣಕುಮಾರ ಅವರಿಗೆ.

ನಿಮ್ಮ ಕಾಗದ ಓದಿ, ಕೈಯಾಗಿನ ನಾರು ಬಿಟ್ಟು ಆಕಿನ್ನ ನೋಡಾಕ ಓಡಿದೆ. ಆಮ್ಯಾಲೆ ಸಿಟ್ಟ ಬಂತು. ಸಿಟ್ಟ ಯಾಕ ಅಂತ ಹೇಳ್ತೀನಿ ಕೇಳ್ರಿ.

ಹುಲಗಪ್ಪ ಒಳ್ಳ್ಯಾವ ಅಂದ್ರಿ. ಒಳ್ಳ್ಯಾವನ, ಆದ್ರ ಅವನ ಬಾಯಿ ಅನ್ನೂದು ಊರ ಅಗಸಿ ಬಾಗಲ ಇದ್ದಂಗ. ನೀವು ಅಳಿಯಂದ್ರು, ಪ್ಯಾಂಟು ಹಾಕ್ಕೊಂಡು ಹೋಗಿ ಅವನ ಕೈ ಹಿಡದು ಬೇಡಿಕೊಂಡ್ರ ಅವ ಸುಮ್ನಿರ್ತಾನೇನು? ಹೆಂಡತಿಗೆ ಹೇಳ್ಯಾನ, ಆಕಿ ದಡದಾಗ ಅರಬಿ ಒಗಿಯೋ ಮಂದಿಗೆಲ್ಲಾ ಹೇಳ್ಯಾಳ.

ನಿನ್ನಿ ರೇಣುಕಾ ಆಚಿ ದಂಡಿ ಹೆಣ್ಣಮಗಳೊಬ್ಬಾಕಿದು ಬಟ್ಟಿ ಮುಟ್ಟಿಸಬೇಕು ಅಂತ ಹೊಂಟ್ಲು. ನಾನು ಹಿಂದಿಂದನ ಇದ್ದೆ, ನಿಮ್ಮ ಮಾತು ತಲ್ಯಾಗಿತ್ತು. ಹರಿಗೋಲು ಹತ್ತಾಕ ಹೋದ್ರ ಹುಲಗಪ್ಪ ಹುಟ್ಟು ಅಡ್ಡ ಹಿಡದು, 'ಬ್ಯಾಡ್ರಿ ಅಕ್ಕಾರ, ನಿಮ್ಮ ಯಜಮಾನ್ರು ಹತ್ತಿಸಬ್ಯಾಡ ಅಂದಾರ. ನನಗ ಹೆಂಡ್ರು ಮಕ್ಕಳು ಅದಾರ' ಅಂದ. ಅರಬಿ ಒಗಿಯೋ ಸಪ್ಪಳ ನಿಂತ ಬಿಡ್ತು ನೋಡ್ರಿ. ಎಲ್ಲಾರ ಕಣ್ಣು ಆಕಿ ಮ್ಯಾಲೆ.

ರೇಣುಕಾ ಗಂಟು ಬಗಲಾಗ ಇಟ್ಕೊಂಡು ತಿರುಗಿ ಬಂದ್ಲು. ಮನಿ ಬಾಗಲದಾಗ ನಿಂತು, 'ಅಕ್ಕಾ, ನನ್ನ ಗಂಡ ನದೀಗೂ ಬೀಗ ಹಾಕ್ಯಾರ' ಅಂದ್ಲು. ನಂಗ ನಗಿ ಬಂತು, ನಕ್ಕೆ. ಆಕಿ ನಗಲಿಲ್ಲ.

ಆಕಿಗೆ ಅಂಥಾ ವಿಚಾರ ಐತೋ ಇಲ್ಲೋ ನನಗ ಗೊತ್ತಿಲ್ರಿ. ಡಾಕ್ಟರಮ್ಮ ಕೇಳಿದ್ರಂತ, ಆಕಿ 'ಇಲ್ಲ' ಅಂದಾಳಂತ. ನಾನೂ ಕೇಳಬೇಕಂತ ಎರಡ ಸಲ ಬಾಯಿ ತೆರದು, ರೊಟ್ಟಿ ಹಾಕ್ಲೇನು ಅಂತ ಕೇಳಿ ಸುಮ್ನಾದೆ. ನೀವ ಬಂದು ಕೇಳ್ರಿ. ಗಂಡ ಆದಾವ್ರು ನೀವು. ಅಂಬಿಗನ ಕೈಲೆ ಹೇಳಿಸೋ ಮಾತಲ್ಲ ಇದು.

ಅಮರಮ್ಮ


ಭಾಗ್ಯನಗರ
೬ ಮಾರ್ಚ್ ೨೦೨೫

ಪೂಜ್ಯ ಅಕ್ಕನವರಿಗೆ.

ಮೊನ್ನೆ ಫೋನಿನಲ್ಲಿ ನೀವು ಅಳುತ್ತಿದ್ದಿರಿ, ನಾನು ಗದರಿದೆ. ಕ್ಷಮಿಸಿ. ಗುಳಿಗೆ ಕೊಳ್ಳಲು ನೀವು ಔಷಧದ ಅಂಗಡಿಗೆ ಹೋದದ್ದರಲ್ಲಿ ತಪ್ಪಿಲ್ಲ. ತಿರುಗಿ ಬರುವಷ್ಟರಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಅವಳಿರಲಿಲ್ಲ, ಅಷ್ಟೇ. ಉಳಿದದ್ದು ನಿಮಗೆ ತಿಳಿಯಲೆಂದು ಬರೆಯುತ್ತೇನೆ.

ನಾನು ಮುನಿರಾಬಾದಿನಲ್ಲಿ ಕೆಲಸದ ನಡುವೆ ಇದ್ದೆ, ಸಹೋದ್ಯೋಗಿಯ ಕಾರು ಕೇಳಿ ತೆಗೆದುಕೊಂಡು ಹೊರಟೆ. ಗಂಗಾವತಿಗೆ ಬರುವ ದಾರಿಯಲ್ಲಿ ಎಡದಂಡೆ ಕಾಲುವೆ ಕಾಣುವ ಕಡೆಯಲ್ಲೆಲ್ಲ ಕಾರು ನಿಧಾನಿಸಿದೆ. ನೀರು ನೋಡಬಾರದೆಂದುಕೊಂಡೆ, ನೋಡದೆ ಇರಲಾಗಲಿಲ್ಲ. ನೀವು ಆನೆಗೊಂದಿಯ ದಡ ನೋಡಲು ಹೋಗಿದ್ದಿರಿ. ಬಸ್ ನಿಲ್ದಾಣದಲ್ಲಿ ಹಣ್ಣು ಮಾರುವ ಮಾಜೀದ ಎಂಬಾತ, ಬಗಲಲ್ಲಿ ಗಂಟು ಹಿಡಿದಿದ್ದ ಹೆಣ್ಣುಮಗಳು ಕುಷ್ಟಗಿ ಬಸ್ಸು ಯಾವುದೆಂದು ಕೇಳಿದ್ದಳೆಂದ. ಟ್ರಂಕಿನಲ್ಲಿದ್ದ ಒಂದು ಹಸಿರು ಖಣ ಕುಷ್ಟಗಿಯ ಪಾರಮ್ಮನವರದು. ಅವರ ಮಗಳು ಹೇಮಾಳ ಮದುವೆಗೆಂದು ಹೊಲಿಯಲು ಕೊಟ್ಟದ್ದು. ಮದುವೆಯ ಹೊತ್ತಿಗೆ ರೇಣುಕಾ ಹಾಸಿಗೆ ಹಿಡಿದಿದ್ದಳು, ಕುಬಸ ಹೊಲಿಯಲಾಗಿರಲಿಲ್ಲ. ಅವಳ ಫೋನು ನಿಮ್ಮ ಮನೆಯಲ್ಲೇ ಉಳಿದಿತ್ತು. ಪಾರಮ್ಮನವರ ನಂಬರು ನನ್ನಲ್ಲಿರಲಿಲ್ಲ.

ಕುಷ್ಟಗಿಗೆ ಹೋಗಿ ಅವರ ಮನೆಯನ್ನು ಕೇಳುತ್ತಾ ತಲುಪಿದೆ. ಬಾಗಿಲು ತೆರೆದಿತ್ತು. ಪಡಸಾಲೆಯಲ್ಲಿ ಹೇಮಾ ಎರಡೂ ಕೈಗಳನ್ನು ಅಗಲಿಸಿ ನಿಂತಿದ್ದಳು. ರೇಣುಕಾ ಕೊರಳಿಗೆ ಟೇಪು ಹಾಕಿಕೊಂಡು ಅವಳ ಅಳತೆ ತೆಗೆಯುತ್ತಿದ್ದಳು. ಇಬ್ಬರೂ ಯಾವುದಕ್ಕೋ ನಗುತ್ತಿದ್ದರು. ಹೋದ ಬೇಸಿಗೆಯಿಂದ ಆ ನಗುವಿಗಾಗಿ ನಾನು ಕಾದಿದ್ದೆ. ಎದುರಿಗೆ ಕಂಡಾಗ ನಂಬಲಿಲ್ಲ. ಯಂತ್ರ ಟಕ್ ಎಂದಾಗ ಎಗರಿದ ಹೆಬ್ಬೆರಳೇ ನನ್ನ ಕಣ್ಣಿಗೆ ಬಂತು.

ಪಾರಮ್ಮನವರು 'ಬರ್ರಿ ಸರ, ಕುಂಡ್ರಿ, ಚಾ ಕುಡೀರಿ' ಎಂದರು. ನಾನು ಕೂರಲಿಲ್ಲ. ಅಲ್ಲಿ ಒಂದು ಮಾತು ಆಡಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ರೇಣುಕಾಳ ಕೈ ಹಿಡಿದು ಕಾರಿಗೆ ಕರೆತಂದೆ. ಮನೆ ಮುಟ್ಟುವವರೆಗೆ ಟೇಪು ಅವಳ ಕೊರಳಲ್ಲೇ ಇತ್ತು.

ನಿನ್ನೆ ಆಸ್ಪತ್ರೆಗೆ ಹೋಗಿ ಚಿಕಿತ್ಸೆ ನಿಲ್ಲಿಸುವುದಾಗಿ ಸಹಿ ಹಾಕಿದೆ. ಡಾಕ್ಟರಮ್ಮ, 'ಅರ್ಧಕ್ಕೆ ಬಿಡುವುದು ಸರಿಯಲ್ಲ, ಅವರನ್ನು ಕೇಳಿದಿರಾ?' ಎಂದರು. ಕೇಳಿರಲಿಲ್ಲ. ಅವಳಿಗೆ ನಡೆದು ಹೋಗುವ ಬಲ ಬರುವುದು ನನಗೆ ಬೇಡವಾಗಿತ್ತು. ಹಾಸಿಗೆಯ ಮೇಲಿದ್ದರೆ ಕನಿಷ್ಠ ಎಲ್ಲಿದ್ದಾಳೆಂದು ತಿಳಿದಿರುತ್ತದೆ. ಇದನ್ನು ಬರೆಯುವಾಗ ನನಗೇ ನಾಚಿಕೆಯಾಗುತ್ತಿದೆ. ಆದರೆ ಅಂದು ಕಾಲುವೆಯ ದಂಡೆಯ ಮೇಲೆ ನಾನಿದ್ದ ಸ್ಥಿತಿಯಲ್ಲಿ ನೀವು ನನ್ನನ್ನು ನೋಡಿಲ್ಲ.

ಶರಣಕುಮಾರ


ಆನೆಗೊಂದಿ
೨೪ ಮಾರ್ಚ್ ೨೦೨೫

ಶರಣಕುಮಾರ ಅವರಿಗೆ.

ನಿಮ್ಮದು ಕಾಗದಿಲ್ಲ. ಫೋನ್ ಮಾಡಿದ್ರ 'ಮಲಗಿದ್ದಾಳೆ' ಅಂತೀರಿ, ಇಟ್ಟ ಬಿಡ್ತೀರಿ. ಮುಂಜಾನಿ ಕೇಳಿದ್ರೂ ಮಲಗ್ಯಾಳ, ಸಂಜಿಗೆ ಕೇಳಿದ್ರೂ ಮಲಗ್ಯಾಳ. ನಂಗ ತಿಳಿಯೂದಿಲ್ಲೇನ್ರಿ?

ಆಕಿ ಹೊಸದ ಹುರಿ ಇಲ್ಲೇ ಕೇಂದ್ರದಾಗ ಐತಿ. ಮಂದಿ ಕೇಳ್ತಾರ, ರೇಣಕ್ಕ ಯಾವಾಗ ಬರ್ತಾಳಂತ. ಹುಲಗಪ್ಪ ಮನೀಗೆ ಬಂದಿದ್ದ. 'ನಾ ಹತ್ತಿಸಬೇಕಿತ್ತೇನ್ರಿ ಅಕ್ಕಾ, ನಿಮ್ಮನ್ನೂ ಜೋಡಿ ಕುಂಡ್ರಿಸಿಕೊಂಡು?' ಅಂತ ಕೇಳಿದ.

ಬೈಯೂದಿಲ್ಲ ನಿಮಗ. ಆಕಿ ಬೆಂಚಿನ ಮ್ಯಾಲೆ ಇಲ್ಲ ಅಂದಾಗ ನಾನೂ ಹೊಳಿ ಕಡೇನ ಓಡಿದೆ. ನಿಮ್ಮಷ್ಟ ನಾನೂ ಅಂಜೀನಿ. ಆದ್ರ ಅಂಜಿಕಿ ಉಂಡು ಆಕಿ ಎಷ್ಟ ದಿನಾ ಬದುಕ್ತಾಳ್ರಿ?

ಅಮರಮ್ಮ


ಭಾಗ್ಯನಗರ
೩೦ ಮಾರ್ಚ್ ೨೦೨೫, ಯುಗಾದಿ

ಪೂಜ್ಯ ಅಕ್ಕನವರಿಗೆ.

ಇಂದು ಬೇವು-ಬೆಲ್ಲ ಕೊಟ್ಟೆ. ಕೈಯಲ್ಲಿ ಹಾಗೆಯೇ ಹಿಡಿದುಕೊಂಡು ಕುಳಿತಿದ್ದಳು. ಬೆಲ್ಲ ಕರಗಿ ಬೆರಳುಗಳ ನಡುವೆ ಇಳಿಯಿತು. ನಾನೇ ಒರೆಸಿದೆ. ನೀವು ಕೇಳಿದ್ದಕ್ಕೆ ಇದೇ ಉತ್ತರ. ಅವಳು ಫೆಬ್ರವರಿಗಿಂತ ಮೊದಲು ಹೇಗಿದ್ದಳೋ ಹಾಗೆಯೇ ಆಗುತ್ತಿದ್ದಾಳೆ. ನಾನು ಬೇಕೆಂದಂತೆ, ಎಲ್ಲಿದ್ದಾಳೆಂದು ನನಗೆ ತಿಳಿದಿದೆ.

ಉಪಕೇಂದ್ರದಲ್ಲಿ ನನ್ನ ಕೆಲಸ ಏನೆಂದು ನೀವು ಎಂದೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ವಿದ್ಯುತ್ ಮಾರ್ಗದಲ್ಲಿ ದೋಷ ಕಂಡರೆ ತಕ್ಷಣ ಪ್ರವಾಹವನ್ನು ಕಡಿದುಹಾಕುವ ಒಂದು ಸಾಧನವಿದೆ, ರಿಲೇ ಎನ್ನುತ್ತೇವೆ. ಅದು ಸರಿಯಾಗಿ ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸುವುದೇ ನನ್ನ ಜೀವನ. ಅದು ಎರಡು ಬಗೆಯಲ್ಲಿ ತಪ್ಪಬಹುದು. ದೋಷವಿದ್ದಾಗ ಸುಮ್ಮನಿದ್ದರೆ ಬೆಂಕಿ. ದೋಷವಿಲ್ಲದಾಗ ಕಡಿದರೆ ಊರಿಗೆಲ್ಲ ಕತ್ತಲೆ. ಬೆಂಕಿಗಿಂತ ಕತ್ತಲೆ ಮೇಲೆಂದು ನಾವು ಕತ್ತಲೆಯ ಕಡೆಗೇ ತಪ್ಪುತ್ತೇವೆ. ಕುಷ್ಟಗಿಯಲ್ಲಿ ನಾನು ಮಾಡಿದ್ದೂ ಅದನ್ನೇ. ಅಂದು ದೋಷವಿತ್ತೋ ಇಲ್ಲವೋ ಇಂದಿಗೂ ನನಗೆ ಗೊತ್ತಿಲ್ಲ. ಕತ್ತಲೆಯಾದದ್ದು ಮಾತ್ರ ಎದುರಿಗೇ ಇದೆ.

ದೊಡ್ಡ ದೋಷಕ್ಕೆಂದು ಇಟ್ಟ ರಿಲೇ ಒಮ್ಮೆ ಪ್ರವಾಹ ಕಡಿದು ಬಿದ್ದರೆ ತಾನಾಗಿ ಮೇಲೇಳುವುದಿಲ್ಲ. ದೂರದಿಂದ ಗುಂಡಿ ಒತ್ತಿಯೂ ಎಬ್ಬಿಸುವಂತಿಲ್ಲ. ಒಬ್ಬ ಮನುಷ್ಯ ಅದರ ಎದುರಿಗೆ ನಡೆದುಹೋಗಿ, ಬಿದ್ದ ಕಾರಣ ತಿಳಿದುಕೊಂಡು, ತನ್ನ ಕೈಯಿಂದಲೇ ತಿರುಗಿಸಬೇಕು. ನಿನ್ನೆ ನಾನು ಅವಳ ಹಾಸಿಗೆಯ ಪಕ್ಕ ಕುಳಿತು ಕೇಳಿದೆ. ಡಾಕ್ಟರಮ್ಮ ಕೇಳಿ ಎಂದಿದ್ದನ್ನು, ನೀವು ಕೇಳಿ ಎಂದಿದ್ದನ್ನು, ಅದೇ ಮಾತಿನಲ್ಲಿ ಕೇಳಿದೆ: 'ಸಾಯಬೇಕೆಂದು ಅನಿಸಿತ್ತೇ?' ಅವಳು ನನ್ನನ್ನು ಬಹಳ ಹೊತ್ತು ನೋಡಿದಳು. ಉತ್ತರ ಕೊಡಲಿಲ್ಲ. ಆದರೆ ಗೋಡೆಯ ಕಡೆಗೆ ತಿರುಗಲೂ ಇಲ್ಲ.

ಶರಣಕುಮಾರ


ಭಾಗ್ಯನಗರ
೭ ಏಪ್ರಿಲ್ ೨೦೨೫

ಶರಣಕುಮಾರ ಅವರಿಗೆ, ಮುನಿರಾಬಾದ್ ಉಪಕೇಂದ್ರದ ವಿಳಾಸಕ್ಕೆ.

ಒಂದ ಮನಿಯಾಗ ಇದ್ದು ಟಪಾಲಿನ್ಯಾಗ ಯಾಕ ಬರದ್ಲು ಅಂತ ಬೆರಗ ಆಗಬ್ಯಾಡ್ರಿ. ನೀವು ಎದುರಿಗೆ ಕುಂತ್ರ ನಿಮ್ಮ ಕಣ್ಣು ನನ್ನ ಕೈ ಕಾಲು ನೋಡತಾವು, ಮಾತು ಕೇಳೂದಿಲ್ಲ. ಕಾಗದ ಆದ್ರ ಪೂರ್ತಿ ಓದ್ತೀರಿ. ನೀವು ಹೋದ ಮ್ಯಾಲೆ ನಾನ ಹೋಗಿ ಟಪಾಲ ಡಬ್ಬಿಗೆ ಹಾಕ್ತೀನಿ. ಓಣಿ ದಾಟಿ ಅಲ್ಲೀತನಕಾ ಹೋಗಾಕ ಎರಡ ಕಡೆ ಕುಂಡ್ರಬೇಕಾಗತೈತಿ.

ನೀವು ಕೇಳಿದ್ದಕ್ಕ ಉತ್ತರ ಬರೀತೀನಿ. ಹೌದು. ನೀವು ಅಂಜಿದ್ದು ಸುಳ್ಳಾಗಿರಲಿಲ್ಲ. ಟ್ರಂಕಿನ್ಯಾಗಿನ ಬಟ್ಟಿ ತರ್ರಿ ಅಂದದ್ದು, ನನ್ನ ಹತ್ರ ಯಾರದೂ ಏನೂ ಉಳೀಬಾರದು ಅಂತ. ಉಪ್ಪಿಟ್ಟು ಕಲೀರಿ ಅಂದದ್ದೂ ಅದಕ್ಕ. ಡಾಕ್ಟರಮ್ಮಗ ಇಲ್ಲ ಅಂತ ಸುಳ್ಳ ಹೇಳಿದೆ. ಮೈಯಾಗ ಬಲಾ ಬಂದಿತ್ತು, ಆದ್ರ ಆ ಬಲಕ್ಕ ಹೋಗಾಕ ಬ್ಯಾರೆ ದಾರಿ ಗೊತ್ತಿರಲಿಲ್ಲ. ಕುಷ್ಟಗಿ ಬಸ್ ಹತ್ತಿದಾಗೂ ಹಂಗ ಇತ್ತು. ಪಾರಮ್ಮನ ಖಣ ಒಂದು ಮುಟ್ಟಿಸಿದ್ರ ಮುಗೀತು ಅನ್ನೂ ಹಂಗ.

ಬಾಗಲಾ ತೆರದಾಕಿ ಹೇಮಾ. ಬಸುರಿ. ನನಗ ಗೊತ್ತಿರಲಿಲ್ಲ. ನಾನು ಖಣ, ಅಳತಿ ಕುಬಸ ಎರಡೂ ಮುಂದ ಹಿಡದು, 'ಮದುವಿಗೆ ಹೊಲಿದು ಕೊಡಾಕ ಆಗಲಿಲ್ಲ ತಂಗಿ, ತಗೊ' ಅಂದೆ. ಆಕಿ ಖಣ ನೋಡಿ, 'ಅಯ್ಯ, ಹಸರ ಐತಲ್ರಿ ಅಕ್ಕಾರ! ಬಸವ ಜಯಂತಿ ಆದ ಮ್ಯಾಲೆ ನನ್ನ ಸೀಮಂತದ ಕುಬಸದ ಕಾರ್ಯ ಇಟ್ಟಾರ. ಹಸರ ಖಣ ಹುಡುಕಾಕತ್ತೀವಿ, ಇದನ್ನ ಹೊಲೀರಿ' ಅಂದ್ಲು. ನಾನು ಅಳತಿ ಕುಬಸ ತೋರಿಸಿದೆ. ಹೊಟ್ಟಿ ಮ್ಯಾಲೆ ಕೈ ಇಟ್ಕೊಂಡು ನಕ್ಕು, 'ಇದು ಈಗ ನನಗ ಎಲ್ಲಿ ಆಗತೈತ್ರಿ' ಅಂದ್ಲು. ನನ್ನ ಕೈ ತಾನ ಟೇಪಿಗೆ ಹೋತು. ಅಷ್ಟ ಆದದ್ದು. ಯಾರೂ ನನಗ ಬುದ್ಧಿ ಹೇಳಲಿಲ್ಲ, ದೇವರೂ ಬರಲಿಲ್ಲ. ಹಳೇ ಅಳತಿ ಆಗೂದಿಲ್ಲ ಅಂದ್ರ ಹೊಸಾ ಅಳತಿ ತಗೋಬೇಕು. ಕೊರಳು ತಗೊಂಡೆ, ಎದಿ ತಗೊಂಡೆ. ಆಗ ನೀವು ಬಂದ್ರಿ.

ನೀವು ಏನ ಅಂದ್ರಿ ಅಂತ ಅಕ್ಕಗ ಹೇಳಿಲ್ಲ ಅಂತ ತಿಳಕೊಂಡೀನಿ. 'ಇವಳ ತಲೆ ಸರಿಯಿಲ್ಲ, ಏನು ಮಾಡುತ್ತಾಳೋ ಹೇಳಲಾಗದು, ಹತ್ತಿರ ನಿಲ್ಲಬೇಡಿ' ಅಂದ್ರಿ. ಪಾರಮ್ಮ ಮಗಳನ್ನ ತನ್ನ ಬೆನ್ನ ಹಿಂದ ಎಳಕೊಂಡ್ಲು. ಬಸುರಿ ಹೆಂಗಸನ್ನ ನನ್ನಿಂದ ಮುಚ್ಚಿಟ್ರು. ಅದನ್ನ ನಾನು ಕಾರಿನ್ಯಾಗ ಬರುವಾಗ, ಮನಿಯಾಗ ಮಲಗಿದಾಗ, ನೋಡಕೋತನ ಇದ್ದೆ.

ಅಕ್ಕ ನನ್ನ ಫೋನು ಕಳಿಸಿದ್ಲಲ್ಲ, ಹೋದ ವಾರ ಅದಕ್ಕ ಹೇಮಾ ಫೋನ್ ಮಾಡಿದ್ಲು. ನಾ ಎತ್ತಲಿಲ್ಲ. ಮತ್ತ ಮಾಡಿದ್ಲು, ಎತ್ತಿದೆ. 'ಅಕ್ಕಾರ, ಅವ್ವ ಅಂಜ್ಯಾಳ, ನಾ ಅಂಜಿಲ್ಲ. ಅಳತಿ ಅರ್ಧಾ ಆಗೇತಿ. ತೋಳು ಉಳದೈತಿ. ತೋಳಿಲ್ಲದ ಕುಬಸ ತೊಟ್ಕೊಂಡು ಕುಂಡ್ರಲೇನ್ರಿ ನಾನು?' ಅಂದ್ಲು. ಅಂದಿನಿಂದ ಅದೊಂದ ಮಾತು ತಲ್ಯಾಗ ಐತಿ. ಮೈ ಏಳವಲ್ಲದು, ಆದ್ರ ಮಾತು ಎದ್ದು ಕುಂತೈತಿ.

ಈ 'ಬೇಕು' ಅನ್ನೂದು ಮಷೀನಿಂದೋ ನಂದೋ ನನಗೂ ಗೊತ್ತಿಲ್ರಿ. ಹಸಿವಿ ಯಾರದು ಅಂತ ಕೇಳಿ ಉಣ್ತೀವೇನು? ನನಗ ಉಳಿದ ದಿನದ ಚಿಕಿತ್ಸಾ ಬೇಕು. ಡಾಕ್ಟರಮ್ಮಗ ಸುಳ್ಳ ಹೇಳಿದ್ದು ನಾನ ಹೋಗಿ ಹೇಳ್ತೀನಿ. ಆ ವಿಚಾರ ಮತ್ತ ಬಂದ್ರ ನಿಮಗೂ ಹೇಳ್ತೀನಿ, ಮೊದಲ ನಿಮಗ. ನೀವು ಒಂದ ಮಾಡಬೇಕು. ಬಸ್ಸಿನ್ಯಾಗ ನಾನೊಬ್ಬಾಕೆ ಹೋಗಬೇಕು. ಗಂಗಾವತಿ ನಿಲ್ದಾಣದಾಗ ಅಕ್ಕ ನಿಂತಿರಲಿ, ಬ್ಯಾಡ ಅನ್ನೂದಿಲ್ಲ. ನಡುವಿನ ದಾರಿ ನನಗ ಬಿಡ್ರಿ.

ಅಂಜಿಕಿ ನನಗೂ ಐತಿ. ನಿಮಗಿಂತ ಹೆಚ್ಚ.

ರೇಣುಕಾ


ಮುನಿರಾಬಾದ್
೧೬ ಏಪ್ರಿಲ್ ೨೦೨೫

ಪೂಜ್ಯ ಅಕ್ಕನವರಿಗೆ.

ನಿನ್ನೆ ಫೋನಿನಲ್ಲಿ ಎಲ್ಲ ನಿಶ್ಚಯವಾಗಿದೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಈ ಹೊತ್ತಿನಲ್ಲಿ ಕೈಗೆ ಬೇರೆ ಕೆಲಸ ಕೊಡಲಾಗುತ್ತಿಲ್ಲ.

ರೇಣುಕಾ ಶನಿವಾರ ಡಾಕ್ಟರಮ್ಮನ ಎದುರಿಗೆ ಕುಳಿತು ಎಲ್ಲವನ್ನೂ ತಾನೇ ಹೇಳಿದಳು. ಅವರು ಬಹಳ ಪ್ರಶ್ನೆ ಕೇಳಿದರು, ಮಾತ್ರೆ ಬದಲಿಸಿದರು, ವಾರಕ್ಕೊಮ್ಮೆ ಅವಳೊಡನೆ ಬೇರೆಯಾಗಿ ಮಾತಾಡುವುದಾಗಿ ಹೇಳಿದರು, ನಂತರ ಚಿಕಿತ್ಸೆ ಮುಂದುವರಿಸಲು ಒಪ್ಪಿದರು. ಬಸ್ಸಿನ ವಿಷಯವನ್ನೂ ಅವಳೇ ಎತ್ತಿದಳು. ಈ ಕಡೆ ಹತ್ತಿಸುವವರು, ಆ ಕಡೆ ಇಳಿಸಿಕೊಳ್ಳುವವರು ಇದ್ದರೆ ಆಗಬಹುದೆಂದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ, ಬೇಡ ಎನ್ನಲಿ ಎಂದು. ಅನ್ನಲಿಲ್ಲ.

ಭಾನುವಾರ ಕುಷ್ಟಗಿಗೆ ಹೋಗಿದ್ದೆ, ನಾನೊಬ್ಬನೇ. ಪಾರಮ್ಮನವರ ಹೊಸ್ತಿಲಲ್ಲಿ ನಿಂತು, ಅಂದು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದೆ. ಅವರು ಒಳಗೆ ಬನ್ನಿ ಎನ್ನಲಿಲ್ಲ. ಹೇಮಾ ಅವರ ಬೆನ್ನ ಹಿಂದಿನಿಂದ, 'ಸರ, ತೋಳಿನ ಅಳತಿ ತಗೊಳ್ಳಾಕ ನೀವ ಬಂದ್ರೇನು?' ಎಂದಳು. ತಾಯಿಗೂ ನಗು ತಡೆಯಲಾಗಲಿಲ್ಲ. ಆಮೇಲೆ ಚಹಾ ಬಂತು.

ಇಂದು ಬೆಳಿಗ್ಗೆ ಕೊಪ್ಪಳ ನಿಲ್ದಾಣದಲ್ಲಿ ಅವಳನ್ನು ಬಸ್ಸು ಹತ್ತಿಸಿದೆ. ಅವಳು ಕಿಟಕಿಯ ಪಕ್ಕ ಕುಳಿತು, ಮಡಿಲಲ್ಲಿ ಹಸಿರು ಖಣದ ಗಂಟು ಇಟ್ಟುಕೊಂಡಳು. 'ಹೋಗಿ ಬರ್ತೀನ್ರಿ' ಎಂದಳು. 'ಬರ್ತೀನಿ' ಎಂಬ ಪದವನ್ನು ನಾನು ಇಷ್ಟು ಹೊತ್ತು ಕೈಯಲ್ಲಿ ಹಿಡಿದುಕೊಂಡು ಕುಳಿತಿದ್ದೇನೆ. ಎಲ್ಲರೂ ಆಡುವ ಮಾತು ಅದು, ಏನನ್ನೂ ಸಾಬೀತು ಮಾಡುವುದಿಲ್ಲ.

ಬಸ್ಸು ಬಿಡುವ ಮೊದಲೇ ನಾನು ಕೆಲಸಕ್ಕೆ ಹೊರಟುಬಂದಿದ್ದೆ. ಅದು ಈ ಉಪಕೇಂದ್ರದ ಮುಂದಿನ ರಸ್ತೆಯಲ್ಲೇ ಹಾದುಹೋಗುತ್ತದೆ. ಅದು ಬರುವ ಹೊತ್ತಿಗೆ ಗೇಟಿನ ಬಳಿ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಒಳಗೆ ಕುಳಿತು ಸದ್ದು ಕೇಳಿದೆ. ಅದೇ ಬಸ್ಸೋ ಬೇರೆಯೋ ತಿಳಿಯಲಿಲ್ಲ. ಆಮೇಲೆ ಅದು ಎಡದಂಡೆ ಕಾಲುವೆಯ ಸೇತುವೆಗಳನ್ನು ದಾಟಿರಬೇಕು. ಬೇಸಿಗೆಯ ಬೆಳೆಗೆ ಇನ್ನೂ ನೀರು ಬಿಡುತ್ತಿದ್ದಾರೆಂದು ಕೇಳಿದ್ದೇನೆ. ನೋಡಲು ಹೋಗಿಲ್ಲ.

ನೀವು ಗಂಗಾವತಿ ನಿಲ್ದಾಣದಲ್ಲಿ ನಿಂತಿರುತ್ತೀರಿ. ಅವಳು ಇಳಿದರೆ ನೀವು ಫೋನು ಮಾಡುವುದಿಲ್ಲವೆಂದು ಅವಳಿಗೆ ಮಾತು ಕೊಟ್ಟಿದ್ದೀರಿ. ಇಳಿಯದಿದ್ದರೆ ಮಾತ್ರ ಮಾಡುತ್ತೀರಿ. ಬಸ್ಸು ತಲುಪುವ ಸಮಯ ಆಗಲೇ ಆಗಿದೆ. ಕೆಲವೊಮ್ಮೆ ತಡವಾಗುತ್ತದೆ. ಫೋನು ಮೇಜಿನ ಮೇಲಿದೆ, ಮುಖ ಮೇಲಾಗಿ. ನನ್ನ ಬಲಗೈಯ ಹೆಬ್ಬೆರಳು ತಾನಾಗಿಯೇ ಅದರ ಕಡೆಗೆ ಸರಿಯುತ್ತಿದೆ. ಆಗಾಗ ಬರೆಯುವುದನ್ನು ನಿಲ್ಲಿಸಿ ಎಡಗೈಯಿಂದ ಆ ಬೆರಳನ್ನು ಹಿಡಿದುಕೊಳ್ಳುತ್ತಿದ್ದೇನೆ, ಆದ್ದರಿಂದಲೇ ಈ ಸಾಲುಗಳ ನಡುವೆ ಇಷ್ಟೊಂದು ಅಂತರ.

ಈ ಕಾಗದ ನಿಮ್ಮನ್ನು ಮುಟ್ಟುವ ಹೊತ್ತಿಗೆ ನಿಮಗೆ ಎಲ್ಲ ಗೊತ್ತಿರುತ್ತದೆ. ನನಗೂ. ಈಗ ಗೊತ್ತಿಲ್ಲ. ಫೋನು ಇನ್ನೂ ಸದ್ದು ಮಾಡಿಲ್ಲ.

ಶರಣಕುಮಾರ